ಕೈ ಒಣಗಿಸಲು ಯಾವುದು ಒಳ್ಳೆಯದು: ಪೇಪರ್, ಗಾಳಿ, ಬಟ್ಟೆ?

ಕೈ ತೊಳೆದರೆ ಅರ್ಧ ಕೆಲಸ ಮುಗಿಯಿತು, ಅಷ್ಟೇ. ಒಣ ಕೈಗಿಂತ ಒದ್ದೆ ಕೈಯಿಂದ ರೋಗಾಣುಗಳು ಸುಲಭವಾಗಿ ಹರಡುತ್ತವೆ.

ನನ್ನ ಓಟು ಪೇಪರ್ ಟವೆಲ್‌ಗೆ. ನೀರು ಹೀರುವುದಷ್ಟೇ ಅಲ್ಲ, ಉಜ್ಜಿ ಒರೆಸುವಾಗ ಉಳಿದ ರೋಗಾಣುಗಳೂ ಒಂದಿಷ್ಟು ಅಂಟಿಕೊಂಡು ಹೋಗುತ್ತವೆ. ಅದೇ ಪೇಪರ್ ಹಿಡಿದು ನಲ್ಲಿ ನಿಲ್ಲಿಸಬಹುದು, ಬಾಗಿಲೂ ತೆಗೆಯಬಹುದು. ಕಸ ಜಾಸ್ತಿ, ಅದು ನಿಜ.

ಬಿಸಿಗಾಳಿ ಯಂತ್ರಕ್ಕೆ ಅರ್ಧ ನಿಮಿಷವಾದರೂ ಬೇಕು. ಅಷ್ಟು ಹೊತ್ತು ಯಾರು ನಿಲ್ಲುತ್ತಾರೆ? ಕೊನೆಗೆ ಪ್ಯಾಂಟಿಗೇ ಒರೆಸಿಕೊಂಡು ಹೊರಡುತ್ತೇವೆ, ಅಲ್ವಾ! ರಭಸದಿಂದ ಗಾಳಿ ಊದುವ ಜೆಟ್ ಡ್ರೈಯರ್ 10–15 ಸೆಕೆಂಡಿನಲ್ಲಿ ಮುಗಿಸುತ್ತದೆ, ಆದರೆ ಹನಿಗಳನ್ನು ಸುತ್ತಲೂ ಸಿಡಿಸುತ್ತದೆ. ಆಸ್ಪತ್ರೆಯಲ್ಲಂತೂ ಪೇಪರೇ ಸರಿ.

ಬಟ್ಟೆ ಟವೆಲ್? ಒಬ್ಬರಿಗೊಂದು, ಒಗೆದು ಒಣಗಿಸಿದ್ದು ಇದ್ದರೆ ಸಾಕು. ಎಲ್ಲರೂ ಒರೆಸಿ ಒದ್ದೆಯಾಗಿ ನೇತಾಡುವ ಟವೆಲ್ ಮಾತ್ರ ಬೇಡವೇ ಬೇಡ. ಅದಕ್ಕಿಂತ ಕೈ ಕೊಡವಿ ಸುಮ್ನೆ ಗಾಳಿಗೆ ಹಿಡಿಯಿರಿ.