ವಾಟರ್ ಫ್ಲಾಸರ್: ಮುಲುಂಡ್‌ನ ನಲ್ಲಿ ನೀರಲ್ಲೂ ವಾಕಡ್‌ನ ಟ್ಯಾಂಕರ್ ನೀರಲ್ಲೂ ಬಳಸಿದ ಮೇಲೆ

ವಾಟರ್ ಫ್ಲಾಸರ್ ಅಂದರೆ ನೀರಿನ ಸಣ್ಣ ಧಾರೆ ಹೊಡೆದು ಹಲ್ಲಿನ ಸಂದಿ, ವಸಡಿನ ಅಂಚು ತೊಳೆಯುವ ಯಂತ್ರ. ಬೇಸಿನ್ ಪಕ್ಕ ಇಟ್ಟು ಪ್ಲಗ್ಗಿಗೆ ಸಿಕ್ಕಿಸುವ 600 ಮಿಲಿ ಟ್ಯಾಂಕಿನದು ಮುಂಬಯಿಯ ಮುಲುಂಡ್‌ನ ಮನೆಯಲ್ಲಿ, ಚಾರ್ಜ್ ಮಾಡಿ ಕೈಯಲ್ಲಿ ಹಿಡಿಯುವ 300 ಮಿಲಿಯದು ಪುಣೆಯ ವಾಕಡ್‌ನಲ್ಲಿ. ಎರಡನ್ನೂ ಮನೆಮಂದಿಯೆಲ್ಲ ವರ್ಷಗಟ್ಟಲೆ ಬಳಸಿದ ಮೇಲಿನ ಅಭಿಪ್ರಾಯ ಇದು. ವಸಡಿನ ರಕ್ತ, ಊತ ಕಡಿಮೆ ಮಾಡುವ ವಿಷಯದಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲ. ದಂತವೈದ್ಯರ ಹತ್ತಿರ ಕ್ಲೀನಿಂಗ್ ಮಾಡಿಸುವುದು ತಪ್ಪೀತು ಅಂತ ಕೊಳ್ಳುವವರಿಗೆ ಮಾತ್ರ ದುಡ್ಡು ದಂಡ.

ಯಾಕೆಂದರೆ, ಹಲ್ಲಿಗೂ ವಸಡಿಗೂ ನಡುವೆ ಆರೋಗ್ಯವಂತರಿಗೂ 1ರಿಂದ 3 ಮಿ.ಮೀ. ಆಳದ ಸಂದು ಇರುತ್ತದೆ. ಬ್ರಷ್ಷಿನ ಎಳೆ ಅದರ ಬಾಯಿಯಷ್ಟೇ ಮುಟ್ಟುತ್ತದೆ. ಹಲ್ಲು ಹಲ್ಲಿನ ನಡುವೆ ಹೋಗುವುದೇ ಇಲ್ಲ. ಅಲ್ಲಿ ಕೂರುವ ಬಿಳಿ ಲೋಳೆಯೇ ಪ್ಲಾಕ್. 1965ರಲ್ಲಿ ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಲ್ಯೋ ಮತ್ತು ಸಂಗಡಿಗರು ಆರೋಗ್ಯವಂತರ ಕೈಲಿ ಹಲ್ಲುಜ್ಜುವುದನ್ನೇ ಬಿಡಿಸಿ ನೋಡಿದರು: 10ರಿಂದ 21 ದಿನದೊಳಗೆ ಎಲ್ಲರ ವಸಡೂ ಊದಿತು, ಮತ್ತೆ ಉಜ್ಜತೊಡಗಿದ ಮೇಲೆ ಇಳಿಯಿತು. ಈ ಹಂತದ ಲೋಳೆಯನ್ನು ನೀರಿನ ಹೊಡೆತ ಸಾಕಷ್ಟು ಕದಲಿಸುತ್ತದೆ. ಅದೇ ಲೋಳೆ ಜೊಲ್ಲಿನ ಕ್ಯಾಲ್ಸಿಯಂ ಹೀರಿ ಕಿಟ್ಟವಾಗಿ ಗಟ್ಟಿಯಾಯಿತೋ, ಯಾವ ಮನೆಯಂತ್ರಕ್ಕೂ ಬಗ್ಗುವುದಿಲ್ಲ. ಸಂದು 4 ಮಿ.ಮೀ. ದಾಟಿ ಒಳಗೆ ಮೂಳೆ ಸವೆಯತೊಡಗಿದರೆ ಬೇರಿನವರೆಗೆ ಕೆರೆದು ತೆಗೆಯುವ ಡೀಪ್ ಕ್ಲೀನಿಂಗೇ ಬೇಕು. ಯಂತ್ರದ ಕೆಲಸ ಅದಾದ ಮೇಲೆ, ಮತ್ತೆ ಕಟ್ಟದಂತೆ ನೋಡಿಕೊಳ್ಳುವುದು.

ಬಳಸುವ ಕ್ರಮದಲ್ಲೇ ಹೆಚ್ಚಿನವರು ಎಡವುವುದು. ನೀರು ಉಗುರುಬೆಚ್ಚಗಿರಲಿ, ವಸಡು ಇಳಿದು ಬೇರು ಕಾಣುತ್ತಿದ್ದರೆ ತಣ್ಣೀರು ಝುಮ್ಮೆನ್ನುತ್ತದೆ. ಬೇಸಿನ್ ಮೇಲೆ ಬಗ್ಗಿ, ನಾಜಲ್ (ನೀರು ಚಿಮ್ಮುವ ತುದಿ) ಬಾಯೊಳಗಿಟ್ಟ ಮೇಲೆಯೇ ಸ್ವಿಚ್ ಒತ್ತಿ. ಇಲ್ಲದಿದ್ದರೆ ಕನ್ನಡಿಗೆ ಅಭಿಷೇಕ. ತುಟಿ ಅರೆಮುಚ್ಚಿದ್ದರೆ ನೀರು ತಾನಾಗಿ ಬೇಸಿನ್ನಿಗೆ ಇಳಿಯುತ್ತದೆ. ಹಿಂದಿನ ದವಡೆ ಹಲ್ಲಿನಿಂದ ಶುರು ಮಾಡಿ, ಧಾರೆ ವಸಡಿನ ಅಂಚಿಗೆ ನೇರವಾಗಿ 90 ಡಿಗ್ರಿಯಲ್ಲಿ ಬೀಳುವಂತೆ ಸಾಗಿ. ಪ್ರತಿ ಸಂದಿಯಲ್ಲಿ ಒಂದೆರಡು ಸೆಕೆಂಡ್ ನಿಂತು, ಹೊರಭಾಗ ಮುಗಿದ ಮೇಲೆ ನಾಲಗೆಯ ಕಡೆಗೂ ಅಷ್ಟೇ. ಮೆತ್ತನೆ ರಬ್ಬರ್ ತುದಿಯ ನಾಜಲ್ ಆಳದ ಸಂದುಗಳಿಗೆ. ಅದನ್ನು 45 ಡಿಗ್ರಿ ಓರೆ ಹಿಡಿದು ಅತಿ ಕಡಿಮೆ ಒತ್ತಡದಲ್ಲಷ್ಟೇ ಬಿಡಬೇಕು. ಮೊದಲ ವಾರ ಎಲ್ಲರಿಗೂ ಕಡಿಮೆ ಒತ್ತಡವೇ ಸಾಕು. ಆ ವಾರ ನೀರಲ್ಲಿ ಕೆಂಪು ಕಂಡರೆ ಹೆದರಿ ಬಿಡಬೇಡಿ. ಎರಡು ವಾರ ದಾಟಿಯೂ ನಿಲ್ಲದಿದ್ದರೆ ಒಳಗೆ ಕಿಟ್ಟ ಇದೆ ಅಂತಲೇ ಲೆಕ್ಕ, ವೈದ್ಯರಿಗೆ ತೋರಿಸಿ. ಕೃತಕ ಹೃದಯ ಕವಾಟ ಹಾಕಿಸಿಕೊಂಡವರು ಮಾತ್ರ ಶುರು ಮಾಡುವ ಮೊದಲೇ ಹೃದಯದ ವೈದ್ಯರನ್ನು ಕೇಳಬೇಕು.

ಟ್ಯಾಂಕಿಗೆ ಬರೀ ನೀರು. ಉಪ್ಪು ಹಾಕಿದರೆ ಪಂಪಿನೊಳಗೆ ಹರಳು ಕೂರುತ್ತದೆ. ವೈದ್ಯರು ಹೇಳಿದ 0.2% ಕ್ಲೋರ್‌ಹೆಕ್ಸಿಡಿನ್ ಎಂಬ ಮುಕ್ಕಳಿಸುವ ಔಷಧವನ್ನು ಯಂತ್ರಕ್ಕೆ ಸುರಿಯದೆ 10 ಮಿಲಿ ಬಾಯಲ್ಲಿ ಮುಕ್ಕಳಿಸಿ ಉಗುಳಿದರೆ ಸಾಕು. ಪೇಸ್ಟ್ ಹಚ್ಚಿದ ಅರ್ಧ ಗಂಟೆಯ ನಂತರ ಮುಕ್ಕಳಿಸಿ, ಪೇಸ್ಟಿನ ನೊರೆ ಅದರ ಶಕ್ತಿ ತಗ್ಗಿಸುತ್ತದೆ. ಎರಡು ವಾರಕ್ಕಿಂತ ಹೆಚ್ಚು ಎಳೆದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ.

ಇನ್ನು ನೀರಿನ ಕಥೆ. ಮುಂಬಯಿಯ ಕೆರೆ ನೀರು ಮೆದು; ಮುಲುಂಡ್‌ನ ಯಂತ್ರದ ಸಮಸ್ಯೆ ಸುಣ್ಣವಲ್ಲ, ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾತ್‌ರೂಮಿನಲ್ಲಿ ಟ್ಯಾಂಕು ಒಣಗುವುದೇ ಇಲ್ಲ, ಮೂಲೆಯಲ್ಲಿ ಕಪ್ಪು ಪಾಚಿ ಏಳುತ್ತದೆ. ಮುಗಿದ ಕೂಡಲೇ ಉಳಿದ ನೀರು ಚೆಲ್ಲಿ, ಖಾಲಿ ಟ್ಯಾಂಕಿನಲ್ಲಿ ಒಂದೆರಡು ಸೆಕೆಂಡ್ ಓಡಿಸಿ ಪೈಪು ಬರಿದು ಮಾಡಿ, ಟ್ಯಾಂಕನ್ನು ಬೋರಲು ಹಾಕಿಡಿ. ವಾಕಡ್‌ನ ಬೋರ್‌ವೆಲ್, ಟ್ಯಾಂಕರ್ ನೀರು ಗಡುಸು. ಅಲ್ಲಿ ಕೆಲವೇ ತಿಂಗಳಲ್ಲಿ ಧಾರೆ ಸೊರಗಿ ಪಕ್ಕಕ್ಕೆ ವಾಲುತ್ತದೆ. ತುದಿಯ ತೂತನ್ನು ಬೆಳಕಿಗೆ ಹಿಡಿದು ನೋಡಿದರೆ ಅಂಚಿನಲ್ಲಿ ಬಿಳಿ ಹಕ್ಕಳೆ ಕಾಣುತ್ತದೆ. ನಾಜಲ್ ಕಳಚಿ ಯಂತ್ರ ಓಡಿಸಿ: ಧಾರೆ ಜೋರಾಗಿ ಬಂದರೆ ಕಟ್ಟಿರುವುದು ನಾಜಲ್. ಆಮೇಲೂ ಮೋಟಾರನ್ನು ಬೈಯುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ನಾಜಲ್ ಇಲ್ಲದೆಯೂ ಸೊರಗಿದ್ದರೆ 500 ಮಿಲಿ ಬೆಚ್ಚನೆ ನೀರಿಗೆ ಎರಡು ದೊಡ್ಡ ಚಮಚ ಬಿಳಿ ವಿನೆಗರ್ ಬೆರೆಸಿ, ಅರ್ಧ ಓಡಿಸಿ, 20 ನಿಮಿಷ ಬಿಟ್ಟು ಉಳಿದದ್ದನ್ನೂ ಓಡಿಸಿ, ಕೊನೆಗೆ ಒಂದು ಟ್ಯಾಂಕು ಬರೀ ನೀರು ಬಿಡಿ. ಆರ್‌ಒ ಫಿಲ್ಟರ್ ನೀರನ್ನೇ ತುಂಬಿದರೆ ಈ ತಾಪತ್ರಯ ಬಹುಪಾಲು ಇರುವುದಿಲ್ಲ.

ಕೈಯಂತ್ರದಲ್ಲಿ ಪಟಪಟ ಸದ್ದು, ಬಿಟ್ಟು ಬಿಟ್ಟು ನೀರು ಅಂದರೆ ಗಾಳಿ ಎಳೆಯುತ್ತಿದೆ: ಒಳಗಿನ ಹೀರುಕೊಳವೆ ಕಳಚಿದೆ, ಇಲ್ಲವೇ ಟ್ಯಾಂಕು ಸೇರುವಲ್ಲಿನ ಕಪ್ಪು ರಬ್ಬರ್ ಬಳೆ ಸಡಿಲಾಗಿದೆ. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಹೋದರೆ ಯಂತ್ರದ ಆಯುಸ್ಸು ಮುಗಿದಂತೆ. ಒದ್ದೆ ಕೈಯಲ್ಲಿ, ಬಾತ್‌ರೂಮಿನಲ್ಲಿ ಚಾರ್ಜಿಗೆ ಹಾಕಲೇಬೇಡಿ. 300 ಮಿಲಿ ಇಡೀ ಬಾಯಿಗೆ ಸಾಲದೆ ಮಧ್ಯೆ ಮತ್ತೆ ತುಂಬಬೇಕಾಗುತ್ತದೆ. ಸೋಮಾರಿಗಳು ಬಿಡುವುದು ಇಲ್ಲೇ. ಜಾಗ ಇದ್ದರೆ ದೊಡ್ಡದೇ ಮೇಲು.

ಹಲ್ಲು ಹಲ್ಲಿನ ನಡುವಿನ ಸಂದಿ ಈಗಾಗಲೇ ಅಗಲವಾಗಿರುವವರಿಗೆ, ಅಂದರೆ ಡೀಪ್ ಕ್ಲೀನಿಂಗ್ ಆದವರಿಗೆ, ಬಾಟಲಿ ತೊಳೆಯುವ ಬ್ರಷ್ಷಿನ ರೂಪದ ಪುಟ್ಟ ಸಂದಿ ಬ್ರಷ್ ಈ ಯಂತ್ರಕ್ಕಿಂತ ಒಂದು ಕೈ ಮೇಲು. ನೀರು ಸವರಿಕೊಂಡು ಹೋಗುವ ಲೋಳೆಯನ್ನು ಅದು ಉಜ್ಜಿ ತೆಗೆಯುತ್ತದೆ. ತಂತಿ ಹಲ್ಲಿಗೆ ತಾಗದೆ, ಎಳೆಗಳು ಎರಡೂ ಕಡೆ ಬಿಗಿಯಾಗಿ ಉಜ್ಜುವ ಅಳತೆ ಆರಿಸಿ. ಒಂದೇ ಬಾಯಿಗೆ ಎರಡು ಮೂರು ಅಳತೆ ಬೇಕಾಗುವುದು ಮಾಮೂಲಿ. ಅಳತೆಯನ್ನು ವೈದ್ಯರೇ ಹಾಕಿ ತೋರಿಸಲಿ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತದೆ ಎಂಬ ಭಯ ನಮ್ಮವರಲ್ಲಿ ಇನ್ನೂ ಹೋಗಿಲ್ಲ. ಮೂಳೆ ಮೊದಲೇ ಸವೆದಿರುತ್ತದೆ. ಕಿಟ್ಟ ಹೋಗಿ ಊತ ಇಳಿದಾಗ ಆ ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ, ಅಷ್ಟೇ. ಖರ್ಚಿನ ಚಿಂತೆ ಇದ್ದರೆ ಮುಂಬಯಿ ಸೆಂಟ್ರಲ್‌ನ ನಾಯರ್ ದಂತ ಆಸ್ಪತ್ರೆ, ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರದ ಸರಕಾರಿ ದಂತ ಕಾಲೇಜು ಇವೆ. ಕಾಯಬೇಕಾಗುತ್ತದೆ, ಶುಲ್ಕ ಕಡಿಮೆ. ಸಕ್ಕರೆ ಕಾಯಿಲೆ ಇದ್ದವರು ಅಲ್ಲಿ ಹೇಳಲೇಬೇಕು: ಸಕ್ಕರೆ ಏರಿದ್ದರೆ ವಸಡು ಮಾಯುವುದು ನಿಧಾನ. ಮಿಶ್ರಿ (ಹುರಿದ ತಂಬಾಕಿನ ಪುಡಿ) ಉಜ್ಜುವವರು, ಸಿಗರೇಟು ಸೇದುವವರು ರಕ್ತ ಬರುತ್ತಿಲ್ಲ ಅಂತ ನಿಶ್ಚಿಂತೆಯಾಗಿರಬಾರದು. ತಂಬಾಕು ವಸಡಿನ ರಕ್ತನಾಳ ಕುಗ್ಗಿಸಿ ಲಕ್ಷಣವನ್ನೇ ಮುಚ್ಚಿಡುತ್ತದೆ.

ಕೊಳ್ಳುವ ಮೊದಲು ಒಂದು ವಿಷಯ ನೋಡಿ: ಆ ಮಾದರಿಯ ನಾಜಲ್ ಬಿಡಿಯಾಗಿ ಸಿಗುತ್ತದೆಯೇ? ಮೂರರಿಂದ ಆರು ತಿಂಗಳಿಗೊಮ್ಮೆ ಬದಲಿಸಬೇಕಾದ ವಸ್ತು ಅದು. ಸಿಗದಿದ್ದರೆ ರಿಯಾಯಿತಿ ಎಷ್ಟೇ ಇದ್ದರೂ ಬೇಡ.