ಲಕ್ಷದ್ವೀಪಕ್ಕೆ ಹೋಗುವವರಿಗೆ: ಕೇಬಲ್ ಇಂಟರ್ನೆಟ್ಟೋ ಉಪಗ್ರಹವೋ?

ಕಾಸರಗೋಡಿನಿಂದ ಲಕ್ಷದ್ವೀಪಕ್ಕೆ ಕೆಲಸಕ್ಕೆ ಹೊರಟ ಗೆಳೆಯರು ಇದನ್ನೇ ಕೇಳುತ್ತಾರೆ. ಮನೆವರೆಗೆ ಫೈಬರ್ (ಇಂಟರ್ನೆಟ್ ತರುವ ಗಾಜಿನ ಎಳೆಯ ಕೇಬಲ್) ಸಿಗುತ್ತದೆ ಅಂದರೆ ಅದನ್ನೇ ಹಾಕಿಸಿಕೊಳ್ಳಿ.

ಮೊದಲು ಅಲ್ಲಿ ಉಪಗ್ರಹವೇ ಗತಿ. ಇಡೀ ದ್ವೀಪಸಮೂಹಕ್ಕೆ ಇದ್ದದ್ದು ಸೆಕೆಂಡಿಗೆ 1.7 ಗಿಗಾಬಿಟ್, ಅಷ್ಟನ್ನೇ ಎಲ್ಲರೂ ಹಂಚಿಕೊಳ್ಳಬೇಕಿತ್ತು. 2024ರ ಜನವರಿಯಲ್ಲಿ ಕೊಚ್ಚಿಯಿಂದ ಸಮುದ್ರದಡಿಯ ಕೇಬಲ್ ಉದ್ಘಾಟನೆಯಾಯಿತು. ಕವರತ್ತಿ, ಅಗತ್ತಿ, ಮಿನಿಕಾಯ್ ಸೇರಿ 11 ದ್ವೀಪಗಳಿಗೆ, ಸಾಮರ್ಥ್ಯ 200 ಗಿಗಾಬಿಟ್. ವೀಡಿಯೊ ಕರೆ ಮಾಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಭೂಸ್ಥಿರ ಉಪಗ್ರಹ, ಅಂದರೆ ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತಿರುವುದು, ಸುಮಾರು 36,000 ಕಿ.ಮೀ. ಮೇಲಿದೆ, ನಮ್ಮ ಮಾತು ಅಲ್ಲಿಗೆ ಹತ್ತಿ ಇಳಿದು, ಆಚೆಯವರ ಉತ್ತರವೂ ಹಾಗೇ ಬರಬೇಕಾದರೆ ಅರ್ಧ ಸೆಕೆಂಡು ತಡ, ಜೋರು ಮಳೆ ಬಂದರೆ ಸಿಗ್ನಲ್ಲೂ ಕುಗ್ಗಬಹುದು.

ಹಾಗಂತ ಉಪಗ್ರಹ ಬೇಡವೇ ಬೇಡ ಅನ್ನುವಂತಿಲ್ಲ. ಸಮುದ್ರದೊಳಗೆ ಕೇಬಲ್ ತುಂಡಾದರೆ ರಿಪೇರಿಗೆ ಹಡಗೇ ಬರಬೇಕು, ಮಳೆಗಾಲದಲ್ಲಿ ನಮ್ಮ ಅರಬ್ಬಿ ಕಡಲು ಹೇಗಿರುತ್ತದೆ ಗೊತ್ತಲ್ವಾ? 2022ರಲ್ಲಿ ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರ ಟೊಂಗಾದಲ್ಲಿ ಜ್ವಾಲಾಮುಖಿ ಸಿಡಿದು ಕೇಬಲ್ ಕಡಿದಾಗ ಮುಖ್ಯ ಸಂಪರ್ಕ ಸರಿಯಾಗಲು ಸುಮಾರು 5 ವಾರ ಬೇಕಾಯಿತು. ಅಲ್ಲಿಯವರೆಗೆ ಹೊರಜಗತ್ತಿಗೆ ಉಪಗ್ರಹವೇ ದಾರಿ. ಅದಕ್ಕೇ ಆಸ್ಪತ್ರೆ, ಬಂದರು ನಡೆಸುವವರು ಎರಡನ್ನೂ ಇಟ್ಟುಕೊಳ್ಳಲೇಬೇಕು.

ಬಾಡಿಗೆ ಮನೆ ಹಿಡಿಯುವ ಮುಂಚೆ ಆ ಭಾಗಕ್ಕೆ ಫೈಬರ್ ಎಳೆದಿದ್ದಾರಾ ಎಂದು ಅಕ್ಕಪಕ್ಕದವರನ್ನೇ ಕೇಳಿ. ಕೇಬಲ್ ದ್ವೀಪಕ್ಕೆ ಬಂದ ಮಾತ್ರಕ್ಕೆ ಮನೆಗೂ ಬಂತು ಅಂತಲ್ಲ.