ಎರಡು ವರ್ಷ ಹಾರಿಸಿದ ಮೇಲೆ: ಪುಟ್ಟ ಫಿಕ್ಸೆಡ್ ಪಿಚ್ ಹೆಲಿಕಾಪ್ಟರ್ ಬಗ್ಗೆ

ಎರಡು ವರ್ಷದ ಹಿಂದೆ, ಯುಗಾದಿ ಕಳೆದ ವಾರ, ರಿಮೋಟಿನಲ್ಲಿ ಹಾರಿಸುವ ಈ ಹೆಲಿಕಾಪ್ಟರ್ ಚಿತ್ರದುರ್ಗದ ನಮ್ಮ ಮನೆಗೆ ಬಂತು. ಫಿಕ್ಸೆಡ್ ಪಿಚ್ ಅಂದರೆ ಬ್ಲೇಡಿನ ಕೋನ ಬದಲಾಗದ್ದು. ಈಗಲೂ ವಾರಕ್ಕೆ ಮೂರ್ನಾಲ್ಕು ದಿನ ಹಾರಿಸುತ್ತೇನೆ. 4 ಚಾನೆಲ್ (ಮೇಲೆ ಕೆಳಗೆ, ಹಿಂದೆ ಮುಂದೆ, ಪಕ್ಕಕ್ಕೆ, ಮೂತಿ ತಿರುಗಿಸಲು ಒಂದೊಂದು), ಒಂದೇ ಮುಖ್ಯ ರೋಟರ್ ಅಂದರೆ ತಿರುಗುವ ಬ್ಲೇಡುಗಳ ಜೋಡಿ, ಅಂಗೈ ಮೇಲೆ ಕೂರುವಷ್ಟು ಹಗುರ. ಡಬ್ಲ್ಯೂಎಲ್ ಟಾಯ್ಸ್‌ನ ವಿ911 ನೋಡಿದವರಿಗೆ ಅಂದಾಜು ಸಿಗುತ್ತದೆ, ಆ ಜಾತಿಯದು. ಒಂದೇ ತರದ ಮಾಡೆಲ್ ನಾಲ್ಕಾರು ಹೆಸರಲ್ಲಿ ಸಿಗುವುದರಿಂದ ಬ್ರಾಂಡ್ ಬಿಟ್ಟು ಈ ಜಾತಿಯ ಬಗ್ಗೆಯೇ ಬರೆಯುತ್ತೇನೆ.

ಜಾತ್ರೆಯಲ್ಲಿ, ಆಟಿಕೆ ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ಮೇಲೊಂದು ಕೆಳಗೊಂದು ರೋಟರ್ ಇರುವ ಹೆಲಿಕಾಪ್ಟರ್. ಎರಡೂ ಉಲ್ಟಾ ದಿಕ್ಕಿನಲ್ಲಿ ತಿರುಗುವುದರಿಂದ ತಾನಾಗೇ ಸ್ಥಿರವಾಗಿ ನಿಲ್ಲುತ್ತದೆ. ಮಕ್ಕಳಿಗೆ ಚೆನ್ನ. ಆದರೆ ಹಾರಿಸಲು ಕಲಿಯಬೇಕು ಅನ್ನುವವರಿಗೆ ಅದು ಏನೂ ಕಲಿಸುವುದಿಲ್ಲ. ಬಾಲದಲ್ಲಿ ರೋಟರ್ ಇರುವ, ಪಕ್ಕಕ್ಕೂ ವಾಲುವ 4 ಚಾನೆಲ್‌ನದೇ ತಗೊಳ್ಳಿ.

ಮೊದಲ ದಿನ ಹಾಲ್‌ನಲ್ಲಿಟ್ಟು ಥ್ರಾಟಲ್ (ಮೋಟರಿನ ವೇಗ ಏರಿಸುವ ಸ್ಟಿಕ್) ಕೊಟ್ಟೆ. ಎರಡು ಇಂಚು ಎದ್ದದ್ದೇ ಎಡಕ್ಕೆ ಜಾರಿ ಟಿವಿ ಸ್ಟ್ಯಾಂಡಿಗೆ ಬಡಿಯಿತು. ಮತ್ತೆ ಇಟ್ಟೆ, ಮತ್ತೆ ಎಡಕ್ಕೇ ಹೋಯಿತು. ಪೀಸೇ ಸರಿಯಿಲ್ಲ ಅಂತ ವಾಪಸ್ ಕಳಿಸಲು ಹೊರಟಿದ್ದೆ. ಅದು ಸರಿಯಾಗೇ ಇತ್ತು. ಮೇಲಿನ ರೋಟರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುವಾಗ ಹೆಲಿಕಾಪ್ಟರಿನ ಮೈ ಅದರ ಉಲ್ಟಾ ತಿರುಗಲು ನೋಡುತ್ತದೆ. ಅದನ್ನು ತಡೆಯುವುದು ಬಾಲದ ರೋಟರ್. ಆದರೆ ಬಾಲವನ್ನು ತಳ್ಳುವ ಆ ಬಲವೇ ಇಡೀ ಹೆಲಿಕಾಪ್ಟರನ್ನೂ ಎಡಕ್ಕೆ ಒಯ್ಯುತ್ತದೆ. ಅದಕ್ಕೆ ಬಲಕ್ಕೆ ಒಂದು ಚೂರು ವಾಲಿಸಿಯೇ ಹಿಡಿಯಬೇಕು. ನಿಂತಲ್ಲೇ ನಿಂತಿರುವ ಹೆಲಿಕಾಪ್ಟರನ್ನು ಹಿಂದಿನಿಂದ ಗಮನಿಸಿ, ಅದು ನೆಟ್ಟಗಿರುವುದಿಲ್ಲ. ಇದು ಗೊತ್ತಾದ ದಿನ ನನಗಾದ ಖುಷಿ ಹೇಳತೀರದು.

ಹೆದರಿಕೊಂಡು ನೆಲಕ್ಕೆ ಅಂಟಿಸಿ ಹಾರಿಸಬೇಡಿ. ರೋಟರ್ ಕೆಳಗೆ ತಳ್ಳಿದ ಗಾಳಿ ನೆಲಕ್ಕೆ ಬಡಿದು ಸುತ್ತ ಹರಡುತ್ತದೆ. ಆ ಗಾಳಿಯ ಮೇಲೆ ಹೆಲಿಕಾಪ್ಟರ್ ಎಣ್ಣೆ ಚೆಲ್ಲಿದ ನೆಲದ ಮೇಲಿನ ಲೋಟದ ಹಾಗೆ ಜಾರುತ್ತಿರುತ್ತದೆ. ಸೊಂಟದೆತ್ತರಕ್ಕೆ ಏರಿಸಿದರೆ ಅರ್ಧ ಚಡಪಡಿಕೆ ಅಲ್ಲೇ ನಿಲ್ಲುತ್ತದೆ. ಮನೆಯೊಳಗೆ ಹಾರಿಸುವಾಗ ಸೀಲಿಂಗ್ ಫ್ಯಾನ್ ಆಫ್ ಇರಲೇಬೇಕು. ಏಪ್ರಿಲ್ ಸೆಖೆಯಲ್ಲಿ ಅಮ್ಮ ಬೀಸಣಿಗೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ಕೂತು, "ಇನ್ನೊಂದು ರೌಂಡು ಅಷ್ಟೇ ಕಣೋ" ಅನ್ನುತ್ತಿದ್ದರು. ಅಂಥ ಅಮ್ಮ ಎಲ್ಲರಿಗೂ ಇರಲಿ.

ಬಾಲ ನಮ್ಮ ಕಡೆ ಇಟ್ಟುಕೊಂಡು ನಿಲ್ಲಿಸುವುದು ಎರಡು ವಾರದಲ್ಲಿ ಬಂತು. ನಿಜವಾದ ಕಷ್ಟ ಆಮೇಲೆ ಶುರು. ಮೂತಿ ನಮ್ಮ ಕಡೆ ತಿರುಗಿದರೆ ಎಡ ಬಲ ಎಲ್ಲ ಅದಲು ಬದಲು. ತಲೆಗೆ ಗೊತ್ತು, ಬೆರಳಿಗೆ ಗೊತ್ತಿಲ್ಲ. ನಾಲ್ಕು ತಿಂಗಳು ಇದೊಂದರಲ್ಲೇ ಕಳೆದೆ. ಕೊನೆಗೆ ಕೈ ಹಿಡಿದದ್ದು ಒಂದು ಸಣ್ಣ ಉಪಾಯ. ಮೂತಿ ನಿಮ್ಮ ಕಡೆ ಇದ್ದಾಗ ಹೆಲಿಕಾಪ್ಟರ್ ಯಾವ ಕಡೆ ಬೀಳುತ್ತಿದೆ ಅನಿಸುತ್ತದೋ ಆ ಕಡೆಗೇ ಸ್ಟಿಕ್ ಕೊಡಿ. ಬೀಳುವ ಗೋಡೆಗೆ ಊರುಗೋಲು ಕೊಟ್ಟ ಹಾಗೆ. ಮೈಮೇಲೆ ಬರುತ್ತಿದ್ದರೆ ಸ್ಟಿಕ್ಕನ್ನೂ ನಿಮ್ಮ ಕಡೆಗೇ ಎಳೆಯಿರಿ, ಹಿಂದಕ್ಕೆ ಸರಿಯುತ್ತದೆ. ಯೋಚಿಸಲು ಹೋದರೆ ತಡವಾಗುತ್ತದೆ. ಬೀಳುವ ಕಡೆ ಊರುಗೋಲು, ಅಷ್ಟನ್ನೇ ನೆನಪಿಡಿ.

ಇದರ ಜೊತೆಗೆ ಸಿಮ್ಯುಲೇಟರ್, ಅಂದರೆ ಕಂಪ್ಯೂಟರಿನಲ್ಲೇ ಹಾರಿಸಿ ಕಲಿಯುವ ಸಾಫ್ಟ್‌ವೇರ್, ಇದ್ದರೆ ದುಡ್ಡು ಉಳಿಯುತ್ತದೆ. ನಾನು ರಿಯಲ್‌ಫ್ಲೈಟ್ ಬಳಸಿದೆ. ರಾತ್ರಿ ಊಟ ಆದಮೇಲೆ ಇಪ್ಪತ್ತು ನಿಮಿಷ, ಬರೀ ಮೂತಿ ಎದುರಿಟ್ಟುಕೊಂಡು ನಿಲ್ಲಿಸುವುದು. ಬಿದ್ದರೆ ಒಂದು ಬಟನ್ ಒತ್ತಿದರೆ ಮುಗಿಯಿತು. ಆದರೆ ಸಿಮ್ಯುಲೇಟರಿನಲ್ಲಿ ಎದೆ ಹೊಡೆದುಕೊಳ್ಳುವುದಿಲ್ಲ, ಅಲ್ವಾ? ಅದಕ್ಕೇ ಎರಡೂ ಬೇಕು.

ಈಗ ಬಾಳಿಕೆಯ ಮಾತು. ಹಗುರ ಇರುವುದರಿಂದ ಬಿದ್ದರೂ ಜಾಸ್ತಿ ಏಟಾಗುವುದಿಲ್ಲ. ಆದರೆ ಬೀಳುವುದು ಖಚಿತ ಅನಿಸಿದ ಕ್ಷಣವೇ ಥ್ರಾಟಲ್ ಪೂರ್ತಿ ಇಳಿಸಬೇಕು. ಹೊಸಬರು ಗಾಬರಿಯಲ್ಲಿ ಏರಿಸಿಬಿಡುತ್ತಾರೆ. ತಿರುಗುತ್ತಿರುವ ಬ್ಲೇಡ್ ಗೋಡೆಗೆ ತಾಗಿದರೆ ಬ್ಲೇಡ್ ಸೀಳುತ್ತದೆ, ಗೇರಿನ ಹಲ್ಲು ಹೋಗುತ್ತದೆ. ನಿಂತ ಬ್ಲೇಡ್ ತಾಗಿದರೆ ಏನೂ ಆಗುವುದಿಲ್ಲ. ಎರಡು ವರ್ಷದಲ್ಲಿ ಏಳು ಜೊತೆ ಬ್ಲೇಡ್, ಎರಡು ಗೇರ್, ಮೂರು ಬಾಲದ ಮೋಟರ್ ಬದಲಿಸಿದೆ. ಬಾಲದ ಮೋಟರೇ ಇದರ ದುರ್ಬಲ ಜಾಗ. ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು, ಒಳಗಿನ ಬ್ರಷ್ ಸವೆಯುತ್ತದೆ. ನೆಲದ ಮೇಲಿನ ಒಂದು ತಲೆಕೂದಲು ಸುತ್ತಿಕೊಂಡರೂ ಬಿಸಿಯಾಗಿ ಸಾಯುತ್ತದೆ. ಹಾರಿಸುವ ಮುಂಚೆ ಕಸ ಗುಡಿಸಿ, ಆಮೇಲೆ ಬಾಲವನ್ನು ಬೆಳಕಿಗೆ ಹಿಡಿದು ನೋಡಿ. ನಾನು ಬಿಡಿಭಾಗ ತರಿಸುವ ಆನ್‌ಲೈನ್ ಅಂಗಡಿಯವರು ಎರಡು ಸಲ ಬೇರೆ ಮಾಡೆಲಿನ ಮೋಟರ್ ಕಳಿಸಿದರು, ಒಂದು ತಿಂಗಳು ಹಾಳಾಯಿತು. ಹೆಲಿಕಾಪ್ಟರ್ ಜೊತೆಗೇ ಒಂದು ಮೋಟರ್, ಎರಡು ಜೊತೆ ಬ್ಲೇಡ್ ತರಿಸಿಬಿಡಿ.

ಬ್ಯಾಟರಿ 3.7 ವೋಲ್ಟಿನ ಒಂದೇ ಸೆಲ್‌ನ ಲಿಪೋ (ಲಿಥಿಯಂ ಪಾಲಿಮರ್). ಐದಾರು ನಿಮಿಷ ಹಾರುತ್ತದೆ. ಏರಲು ತಿಣುಕಿತು ಅಂದರೆ ಇಳಿಸಿಬಿಡಿ, ಹಿಂಡಬೇಡಿ. ನನ್ನ ಮೊದಲ ಎರಡು ಬ್ಯಾಟರಿ ಪೂರಿಯ ಹಾಗೆ ಉಬ್ಬಿದ್ದು ಹಿಂಡಿದ್ದಕ್ಕೇ. ವಾರಗಟ್ಟಲೆ ಹಾರಿಸದಿದ್ದರೆ ಫುಲ್ ಚಾರ್ಜ್‌ನಲ್ಲಿ ಇಡಬೇಡಿ, 3.8 ವೋಲ್ಟ್ ಹತ್ತಿರ ಇಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಂತೂ ಬೇಡವೇ ಬೇಡ.

ಗಾಳಿಯ ವಿಷಯದಲ್ಲಿ ನಮ್ಮೂರು ಕಷ್ಟದ ಊರು. ಸುತ್ತಲ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಇದರಲ್ಲಿ ಬ್ಲೇಡಿನ ಕೋನ ಬದಲಾಗುವುದಿಲ್ಲ, ಮೋಟರಿನ ವೇಗ ಏರಿಳಿದೇ ಎತ್ತರ ಬದಲಾಗಬೇಕು. ಹಾಗಾಗಿ ಗಾಳಿ ಬಂದಾಗ ಉತ್ತರ ಕೊಡುವುದು ನಿಧಾನ. ಆಷಾಢದಲ್ಲಿ ಗಾಳಿಪಟದವರಿಗೆ ಮೈದಾನ ಬಿಟ್ಟುಕೊಟ್ಟು ಮನೆಯೊಳಗೇ ಇರುತ್ತೇನೆ. ಉಳಿದ ತಿಂಗಳಲ್ಲಿ ಬೆಳಗ್ಗೆ ಆರರಿಂದ ಏಳರವರೆಗೆ ಶಾಲೆ ಮೈದಾನ. ಡ್ರೋನ್ ನಿಯಮಗಳು 2021ರ ಪ್ರಕಾರ 250 ಗ್ರಾಂವರೆಗಿನದು ನ್ಯಾನೋ ವರ್ಗ, ಅದಕ್ಕೆ ಪೈಲಟ್ ಲೈಸೆನ್ಸ್ ಬೇಡ. ಆದರೂ ನಿಮ್ಮ ಜಾಗ ರೆಡ್ ಝೋನಿನಲ್ಲಿ (ಅನುಮತಿಯಿಲ್ಲದೆ ಹಾರಿಸಬಾರದ ಜಾಗ) ಬರುತ್ತದಾ ಅಂತ ಸರ್ಕಾರದ ಡಿಜಿಟಲ್ ಸ್ಕೈ ವೆಬ್‌ಸೈಟಿನ ಮ್ಯಾಪಿನಲ್ಲಿ ನೋಡಿಕೊಳ್ಳಿ.

ಜೊತೆಗೆ ಬರುವ ರಿಮೋಟ್ ನನಗೆ ಇಷ್ಟವಾಗಲಿಲ್ಲ. ಸ್ಟಿಕ್ ತುಂಬಾ ಗಿಡ್ಡ, ಸೂಕ್ಷ್ಮವಾಗಿ ಅಲುಗಿಸಲು ಆಗುವುದಿಲ್ಲ. ಹೆಬ್ಬೆರಳಿನ ಜೊತೆ ತೋರುಬೆರಳನ್ನೂ ಸೇರಿಸಿ ಸ್ಟಿಕ್ ಹಿಡಿಯಲು ಶುರುಮಾಡಿದ ಮೇಲೆ ಎಷ್ಟೋ ಸುಧಾರಿಸಿತು.

ಹೋದ ತಿಂಗಳು ಸ್ನೇಹಿತರೊಬ್ಬರು ತಮ್ಮ ದೊಡ್ಡ ಕಲೆಕ್ಟಿವ್ ಪಿಚ್ (ಹಾರುವಾಗಲೇ ಬ್ಲೇಡಿನ ಕೋನ ಬದಲಾಗುವ) ಹೆಲಿಕಾಪ್ಟರಿನ ರಿಮೋಟ್ ನನ್ನ ಕೈಗೆ ಕೊಟ್ಟರು. ಬ್ಲೇಡಿನ ಸದ್ದಿಗೇ ಬೆನ್ನು ಬೆವರಿತು. ಎತ್ತರಕ್ಕೆ ಒಯ್ದು, ಮೆಲ್ಲಗೆ ಮೂತಿಯನ್ನು ನನ್ನ ಕಡೆ ತಿರುಗಿಸಿದೆ. ಅದು ಎಡಕ್ಕೆ ವಾಲಿತು. ನಾನು ಯೋಚಿಸುವ ಮೊದಲೇ ಬೆರಳು ಎಡಕ್ಕೆ ಹೋಗಿತ್ತು. ಹೆಲಿಕಾಪ್ಟರ್ ಅಲ್ಲೇ ನಿಂತಿತು.